ಪಕ್ಕದ ಕುರ್ಚಿಯಲ್ಲಿ ಯಜಮಾನರು: ಬೆಂಗಳೂರಿನ ಕೌನ್ಸೆಲಿಂಗ್ ಸೇವೆಗಳ ವಿಮರ್ಶೆ

'ಕೌನ್ಸೆಲಿಂಗ್' ಎಂಬ ಮಾತಿಗೆ ಬೆಂಗಳೂರಿನಲ್ಲಿ ಮೂರು ಅರ್ಥ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಯಲ್ಲಿ ಅದು ಸಿಇಟಿ ಸೀಟು ಹಂಚಿಕೆ. ಠಾಣೆಯ ಮೆಟ್ಟಿಲು ಹತ್ತಿದವರಿಗೆ ಅದು ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಬುದ್ಧಿ ಹೇಳಿ ಕಳಿಸುವುದು. ಮನೋವೈದ್ಯರ, ಮನಃಶಾಸ್ತ್ರಜ್ಞರ ಕೊಠಡಿಯಲ್ಲಿ ನಡೆಯುವುದು ಮೂರನೆಯದು. ಮನೆಯಲ್ಲಿ ಏಟು ತಿನ್ನುತ್ತಿರುವ ಹೆಂಗಸು ಮೂರನೆಯದನ್ನು ಹುಡುಕಿಕೊಂಡು ಹೋಗಿ ಎರಡನೆಯದನ್ನು ಪಡೆದುಕೊಂಡು ಬರುವುದು ಈ ಊರಲ್ಲಿ ಅಪರೂಪವೇನಲ್ಲ.

ಒಂದು ಕ್ಲಿನಿಕ್‌ನ ಹೆಸರು ಹಿಡಿದು ಹೊಗಳುವುದೋ ತೆಗಳುವುದೋ ಇಲ್ಲಿನ ಉದ್ದೇಶವಲ್ಲ. ಖಾಸಗಿ ಕೌನ್ಸೆಲಿಂಗ್ ಕೊಠಡಿ, ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗ, ಫೋನ್ ಸಹಾಯವಾಣಿ, ಸರ್ಕಾರದ ಹಾಗೂ ಪೊಲೀಸರ ಸಮಾಲೋಚನಾ ಕೇಂದ್ರ: ಈ ನಾಲ್ಕು ಬಾಗಿಲುಗಳನ್ನು ಒಂದೇ ಅಳತೆಗೋಲಿನಿಂದ ನೋಡಿದ್ದೇವೆ. ಸಿಬಿಟಿ, ಇಎಂಡಿಆರ್ ಎಂಬ ಮನಸ್ಸಿನ ಚಿಕಿತ್ಸೆಗಳಲ್ಲಿ ಯಾವುದನ್ನು ಮಾಡುತ್ತಾರೆ ಎನ್ನುವುದು ಆಮೇಲಿನ ಮಾತು. ಮೊದಲ ಭೇಟಿಯಲ್ಲೇ ಆಕೆ ಒಬ್ಬರೇ, ಬಾಗಿಲು ಹಾಕಿದ ಕೋಣೆಯಲ್ಲಿ, ಹದಿನೈದು ನಿಮಿಷ ಮಾತಾಡಲು ಸಾಧ್ಯವೇ? ನಮ್ಮ ಮುಖ್ಯ ಅಳತೆಗೋಲು ಅದು. ಸಣ್ಣದೆನಿಸುತ್ತದೆ, ಆದರೆ ಹೆಚ್ಚಿನ ಸೇವೆಗಳು ಎಡವುವುದು ಅಲ್ಲೇ.

"ನಮ್ಮಲ್ಲಿಗೆ ಅಂಥ ಕೇಸ್ ಬರಲ್ಲ" ಎನ್ನುವ ಕ್ಲಿನಿಕ್‌ಗಳಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಕಂಡಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ದೇಶದ ಸರಾಸರಿ ಶೇ 30ರ ಒಳಗೆ. ಇಂಥ ರಾಜ್ಯದ ರಾಜಧಾನಿಯಲ್ಲಿ ಕೂತು 'ಬರಲ್ಲ' ಎಂದರೆ, ಬರುತ್ತಿದ್ದಾರೆ, ಕೇಳುತ್ತಿಲ್ಲ ಎಂದೇ ಅರ್ಥ.

ಅವರು ಬರುವುದೂ ಬೇರೆ ಹೆಸರಿನಲ್ಲಿ. ತಲೆನೋವು, ಎದೆ ಉರಿ, ನಿದ್ದೆ ಇಲ್ಲ, ಮೈಕೈ ನೋವು. ಸ್ಕ್ಯಾನ್, ಇಇಜಿ ಎಲ್ಲ ಸರಿಯಿದ್ದೂ ನಿಲ್ಲದ 'ಫಿಟ್ಸ್'. "ಹೊಟ್ಟೆನೋವಿಗೆ ಮಾತ್ರೆ ಜಾಸ್ತಿ ತಗೊಂಡ್ಬಿಟ್ಟೆ" ಎಂದು ತುರ್ತು ಘಟಕಕ್ಕೆ ಬಂದವರು. ತಿಂಗಳ ತಪಾಸಣೆಗೆ ತಡವಾಗಿ ಬರುವ ಬಸುರಿಯರು. ಯಾವ ಪ್ರಶ್ನೆಗೂ ತಾವು ಉತ್ತರಿಸದೆ ಪಕ್ಕದ ಕುರ್ಚಿಯತ್ತ ನೋಡುವವರು.

ರಿಸೆಪ್ಷನ್

ಒಳ್ಳೆಯ ಸೇವೆಗೂ ಕೆಟ್ಟ ಸೇವೆಗೂ ಇರುವ ವ್ಯತ್ಯಾಸ ಕೌನ್ಸೆಲರ್ ಬಾಯಿ ತೆರೆಯುವ ಮೊದಲೇ, ರಿಸೆಪ್ಷನ್ ಮೇಜಿನಲ್ಲೇ ಗೊತ್ತಾಗುತ್ತದೆ. ಗಂಡ ಹೆಂಡತಿ ಜೊತೆಗೆ ಬಂದಾಗ "ಸರ್, ನೀವು ಸ್ವಲ್ಪ ಹೊರಗಿರಿ" ಎಂದರೆ ಅಲ್ಲೇ ಅನುಮಾನ ಹುಟ್ಟುತ್ತದೆ, ಅದರ ಲೆಕ್ಕ ಮನೆಗೆ ಹೋದ ಮೇಲೆ ಚುಕ್ತಾ ಆಗುತ್ತದೆ. ಹಾಗಾಗಿ ಇದು ಎಲ್ಲ ರೋಗಿಗಳಿಗೂ, ಅಪ್ಪನ ಜೊತೆ ಬಂದ ಮಗನಿಗೂ, ಸೊಸೆಯ ಜೊತೆ ಬಂದ ಅತ್ತೆಗೂ ಒಂದೇ ನಿಯಮವಾಗಿರಬೇಕು. ಗೋಡೆಯ ಮೇಲೆ ಎದ್ದು ಕಾಣುವಂತೆ ಒಂದು ಬೋರ್ಡ್: 'ಮೊದಲು ಪ್ರತಿಯೊಬ್ಬರನ್ನೂ ಒಬ್ಬರನ್ನೇ ನೋಡಲಾಗುತ್ತದೆ.' ಆಮೇಲೂ ಯಜಮಾನರು ಕದಲದಿದ್ದರೆ ನರ್ಸ್ ಬಂದು "ತೂಕ, ಬಿಪಿ ನೋಡ್ಬೇಕು, ಒಳಗೆ ಬನ್ನಿಮ್ಮಾ" ಎಂದು ಕರೆದುಕೊಂಡು ಹೋಗುವುದು, ಅವರನ್ನು ಬಿಲ್ಲಿಂಗ್ ಕೌಂಟರ್‌ಗೆ ಕಳಿಸುವುದು. ಹಳೆಯ ಉಪಾಯ, ಇವತ್ತಿಗೂ ನಡೆಯುತ್ತದೆ.

ಬಾಡಿಗೆ ಉಳಿಸಲು ಪ್ಲೈವುಡ್ ಪಾರ್ಟಿಷನ್ ಹಾಕಿದ ಕೊಠಡಿಗಳದ್ದು ಇನ್ನೊಂದು ತೊಂದರೆ. ಒಳಗಿನ ಅಳು ಹೊರಗಿನ ಬೆಂಚಿಗೆ ಕೇಳುತ್ತದೆ. ಹೊರಗೆ ಒಂದು ಫ್ಯಾನ್ ಜೋರಾಗಿ ತಿರುಗಿದರೂ ಅರ್ಧ ಸಮಸ್ಯೆ ಕಡಿಮೆ. ಮಗು ಜೊತೆಗಿದ್ದರೆ, ಮಾತು ಕಲಿತ ಮಗು ಕೇಳಿದ್ದನ್ನು ಮನೆಗೆ ಹೋಗಿ ಒಪ್ಪಿಸುತ್ತದೆ. ಆಯಾ ಜೊತೆ ಆಟಕ್ಕೆ ಬಿಡುವ ಒಂದು ಮೂಲೆ ಬೇಕು. ಭಾಷೆ ಬಾರದಿದ್ದಾಗ ಅತ್ತೆಯನ್ನೋ ಹತ್ತು ವರ್ಷದ ಮಗಳನ್ನೋ ದುಭಾಷಿ ಮಾಡಿಕೊಳ್ಳುವುದಂತೂ ಕೂಡದು. ಕನ್ನಡ, ದಖನಿ ಉರ್ದು, ತಮಿಳು, ತೆಲುಗು, ಹಿಂದಿ, ಈ ಐದರಲ್ಲಿ ಕನಿಷ್ಠ ಮೂರು ಬಲ್ಲ ಸಿಬ್ಬಂದಿ ಇಲ್ಲದ ಸೇವೆ ಈ ಊರಿಗೆ ಸಾಲದು. ಇಂದಿರಾನಗರದ ಎಷ್ಟೋ ಕೊಠಡಿಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ನಡೆಯದು. ಪೀಣ್ಯದ ಗಾರ್ಮೆಂಟ್ಸ್ ಕೆಲಸದವರಿಗೆ ಆ ಬಾಗಿಲು ಇದ್ದೂ ಇಲ್ಲದ ಹಾಗೆ. ಅವರಿಗೆ ರಜೆ ಸಿಗುವ ಭಾನುವಾರವೇ ಹೆಚ್ಚಿನವು ಮುಚ್ಚಿರುತ್ತವೆ.

ನೋಂದಣಿ ಅರ್ಜಿಯಲ್ಲಿ 'ಮೊಬೈಲ್ ನಂಬರ್' ಎಂಬ ಒಂದು ಖಾಲಿ ಜಾಗದ ಬದಲು ಮೂರು ಬೇಕು: ಯಾವ ನಂಬರ್‌ಗೆ ಕರೆ ಮಾಡಬಹುದು, ಯಾವ ಹೊತ್ತಿನಲ್ಲಿ, ಬೇರೆಯವರು ಎತ್ತಿದರೆ ಎಲ್ಲಿಂದ ಎಂದು ಹೇಳಬೇಕು. 'ಟೈಲರ್ ಅಂಗಡಿಯಿಂದ' ಎಂದು ಆಕೆಯೇ ಬರೆಸಿದರೆ ಹಾಗೆಯೇ ಹೇಳಬೇಕು. ನಮ್ಮ ಕ್ಲಿನಿಕ್‌ಗಳ ಸಾಫ್ಟ್‌ವೇರ್ ಇದಕ್ಕೆ ಪೂರ್ತಿ ಉಲ್ಟಾ. ಬುಕ್ ಮಾಡಿದ ಕೂಡಲೇ ಒಂದು ಎಸ್‌ಎಂಎಸ್, ಹಿಂದಿನ ದಿನ ವಾಟ್ಸಾಪ್ ನೆನಪೋಲೆ, ಮುಗಿದ ಮೇಲೆ 'ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್' ಎಂಬ ಲಿಂಕ್. ಈ ಮೂರನ್ನೂ ಒಬ್ಬ ರೋಗಿಗೆ ಮಾತ್ರ ನಿಲ್ಲಿಸಲು ಬರುತ್ತದೆಯೇ ಎಂದು ಕೇಳಿದರೆ ರಿಸೆಪ್ಷನ್‌ನಲ್ಲಿ ಹೆಚ್ಚಾಗಿ ಸಿಗುವ ಉತ್ತರ "ಅದು ಆಟೋಮ್ಯಾಟಿಕ್ ಮೇಡಂ".

ಹೆಜ್ಜೆಗುರುತು ಬೇರೆ ಕಡೆಯೂ ಉಳಿಯುತ್ತದೆ. ಯುಪಿಐಯಲ್ಲಿ ಕಟ್ಟಿದರೆ ಜಂಟಿ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಕ್ಲಿನಿಕ್ ಹೆಸರು. ಗಂಡನ ಖಾತೆಯಿಂದ ಕ್ಯಾಬ್ ಹಿಡಿದರೆ ಇಳಿದ ಜಾಗ. ಅಪಾರ್ಟ್‌ಮೆಂಟ್ ಗೇಟ್ ಆ್ಯಪ್ ಇದ್ದರೆ ಹೋಗಿಬಂದ ಹೊತ್ತು. ಗಂಡನ ಕಂಪನಿ ಕೊಡುವ ಉಚಿತ ಕೌನ್ಸೆಲಿಂಗ್‌ನಲ್ಲೋ ಕಂಪನಿಯ ವಿಮೆಯಲ್ಲೋ ಸೇವೆ ಪಡೆದರೆ ಇಮೇಲ್ ಹೋಗುವುದು ಉದ್ಯೋಗಿಗೆ, ಅಂದರೆ ಆತನಿಗೇ. ಇದಕ್ಕೆಲ್ಲ ಅಗ್ಗದ ಪರಿಹಾರ ನಗದು ಮತ್ತು ಬಿಎಂಟಿಸಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ. ದುಡ್ಡು ಕೇಳುವಂತಿಲ್ಲದ ಮನೆಯಿಂದ ಬರುವವರಿಗೆ ಆ ಶೂನ್ಯ ಟಿಕೆಟ್ ಎಷ್ಟು ದೊಡ್ಡದೆಂದು ಕೌನ್ಸೆಲರ್‌ಗೆ ಗೊತ್ತಿರಬೇಕು. ಬಸ್‌ಸ್ಟಾಪ್‌ಗೆ ನಡೆಯುವಷ್ಟು ದೂರದಲ್ಲಿರುವ ಕ್ಲಿನಿಕ್‌ಗೆ ನಮ್ಮ ಲೆಕ್ಕದಲ್ಲಿ ಒಂದು ಅಂಕ ಹೆಚ್ಚು.

ಕೇಳುವ ಬಗೆ

ಒಳಗೆ ಹೋದ ಮೇಲೆ ಪ್ರಶ್ನೆಯ ಮಾತು ಮುಖ್ಯ. "ನಿಮಗೆ ಮನೆಯಲ್ಲಿ ಹಿಂಸೆ ಆಗುತ್ತಿದೆಯೇ?" ಎಂದು ಕೇಳುವವರಿಗೆ ಆಡುಗನ್ನಡ ಗೊತ್ತಿಲ್ಲ ಎನ್ನಬೇಕು. "ಯಾಕೋ ಹಿಂಸೆ ಆಗ್ತಿದೆ" ಎಂದರೆ ನಮ್ಮಲ್ಲಿ ಸೆಕೆಗೂ ಆಗಬಹುದು, ಬಿಗಿಯಾದ ರವಿಕೆಗೂ ಆಗಬಹುದು. 'ಗೃಹ ಹಿಂಸೆ', 'ದೌರ್ಜನ್ಯ' ಇವು ಕೋರ್ಟಿನ ಮಾತು, ಪತ್ರಿಕೆಯ ಮಾತು. ಹೆಂಗಸರು ಹೇಳುವುದು: "ಹೊಡೆಯೋದೇನಿಲ್ಲ ಮೇಡಂ, ಕೋಪ ಬಂದಾಗ ಒಂದೆರಡು ಏಟು ಹಾಕ್ತಾರೆ ಅಷ್ಟೇ." ಆದ್ದರಿಂದ ನಡವಳಿಕೆಯ ಹೆಸರು ಹಿಡಿದೇ ಕೇಳಬೇಕು. "ಮನೇಲಿ ಜಗಳ ಆದಾಗ ಏನಾಗುತ್ತೆ? ಯಾರಾದ್ರೂ ಕೈ ಮಾಡ್ತಾರಾ? ತಳ್ಳೋದು, ಕೂದಲು ಹಿಡಿದು ಎಳೆಯೋದು? ನಿಮ್ಮ ಸಂಬಳ ಯಾರ ಕೈಲಿರುತ್ತೆ? ಗೃಹಲಕ್ಷ್ಮಿ ದುಡ್ಡು ಬರೋ ಖಾತೆಯ ಎಟಿಎಂ ಕಾರ್ಡ್ ಯಾರ ಹತ್ರ ಇದೆ? ತವರಿಗೆ ಫೋನ್ ಮಾಡೋಕೆ ಕೇಳಬೇಕಾ? ಇಷ್ಟ ಇಲ್ಲದಾಗಲೂ ಮಲಗೋಕೆ ಬಲವಂತ ಇದೆಯಾ?" 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಎಂದು ನಾಲ್ಕನ್ನೂ ಹೇಳುತ್ತದೆ. ಎಟಿಎಂ ಕಾರ್ಡಿನ ಪ್ರಶ್ನೆ ಆ ನಾಲ್ಕನೆಯದು.

ಬಂದ ಪ್ರತಿಯೊಬ್ಬ ಹೆಂಗಸಿಗೂ ಪಟ್ಟಿ ಹಿಡಿದು ಇದನ್ನೆಲ್ಲ ಕೇಳಬೇಕೇ? ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಎಲ್ಲರಿಗೂ ಕಡ್ಡಾಯ ಎಂದು ಹೇಳುವುದಿಲ್ಲ. ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ, ಕಾರಣ ಸಿಗದ ನೋವು ಇಂಥ ಸುಳಿವಿದ್ದಾಗ ಕೇಳಿ ಎನ್ನುತ್ತದೆ. ಮನೋವೈದ್ಯರ ಬಳಿ ಬರುವವರಲ್ಲಿ ಆ ಸುಳಿವಿಲ್ಲದವರು ಕಡಿಮೆ. ಹಾಗಾಗಿ ಇಲ್ಲಿ ಎಲ್ಲರನ್ನೂ ಕೇಳುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ, ಒಬ್ಬರೇ ಇದ್ದಾಗ ಮಾತ್ರ.

ಆಕೆ ಹೌದು ಎಂದ ಮೇಲಿನ ಐದು ನಿಮಿಷದಲ್ಲಿ ಕೆಲವರು ಎಲ್ಲವನ್ನೂ ಕೆಡಿಸುತ್ತಾರೆ. "ಯಾಕೆ ಇನ್ನೂ ಅಲ್ಲೇ ಇದ್ದೀರಿ?" ಎನ್ನುವುದು ಒಂದು ತಪ್ಪು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎನ್ನುವುದು ಅದಕ್ಕಿಂತ ದೊಡ್ಡದು. ಆ ಗಾದೆ ಮಾಡಿದವರು ಉಪ್ಪಿಲ್ಲದ ಸಾರಿಗೆ ನಡೆದ ಮಾತುಕತೆ ನೋಡಿರಬೇಕು, ಮುರಿದ ಮಣಿಕಟ್ಟು ನೋಡಿರಲಿಲ್ಲ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬುದು ನಮ್ಮೂರಿನ ಬಸ್ಸಿನ ಸೀಟಿಗೆ ಹೇಳಿದ ಮಾತು, ಕೌನ್ಸೆಲಿಂಗ್ ಕೊಠಡಿಗೆ ಅದು ಹೇಗೆ ಬಂತೋ. ಬೇಕಾದ್ದು ಎರಡೇ ವಾಕ್ಯ: "ಇದರಲ್ಲಿ ನಿಮ್ಮ ತಪ್ಪಿಲ್ಲ. ಈಗ ನಿಮಗೆ ಎಲ್ಲಕ್ಕಿಂತ ಮೊದಲು ಏನು ಬೇಕು?" ಎರಡನೆಯದಕ್ಕೆ "ಮಗಳ ಫೀಸು" ಎಂಬ ಉತ್ತರ ಬಂದರೆ ಅಲ್ಲಿಂದಲೇ ಶುರು ಮಾಡಬೇಕು.

ನಂತರ ಅಪಾಯದ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯ 2014ರ ಕೈಪಿಡಿಯ ಪ್ರಶ್ನೆಗಳು ಬಾಯಿಪಾಠ ಬರುವಷ್ಟು ಚಿಕ್ಕವು. ಕಳೆದ ಆರು ತಿಂಗಳಲ್ಲಿ ಏಟು ಹೆಚ್ಚಾಗಿದೆಯೇ, ಆಯುಧ ಹಿಡಿದು ಹೆದರಿಸಿದ್ದಾರೆಯೇ, ಕುತ್ತಿಗೆ ಹಿಸುಕಿದ್ದಾರೆಯೇ, ಕೊಂದೇಬಿಡಬಹುದು ಎನಿಸುತ್ತದೆಯೇ, ಬಸುರಿಯಾಗಿದ್ದಾಗ ಹೊಡೆದಿದ್ದಾರೆಯೇ, ಸದಾ ಸಂಶಯಪಟ್ಟು ಕೆರಳುತ್ತಾರೆಯೇ. ಮೂರಕ್ಕಾದರೂ ಹೌದು ಎಂದರೆ ಆ ದಿನ ಆಕೆ ಎಲ್ಲಿ ಮಲಗುತ್ತಾರೆ ಎಂಬ ಮಾತು ಮುಗಿಯದೆ ಕಳಿಸಬಾರದು.

ಕುತ್ತಿಗೆ ಹಿಸುಕಿದ ವಿಷಯ ಬಂದರೆ ಕೌನ್ಸೆಲಿಂಗ್ ಅಲ್ಲಿಗೆ ನಿಲ್ಲಬೇಕು, ವೈದ್ಯರು ನೋಡಬೇಕು. ಹೊರಗೆ ಒಂದು ಗೀರೂ ಕಾಣದಿರಬಹುದು. ದನಿ ಒಡೆದಿರುವುದು, ನುಂಗಲು ಕಷ್ಟ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ಆ ಹೊತ್ತಿನಲ್ಲಿ ಬಟ್ಟೆಯಲ್ಲೇ ಮೂತ್ರ ಹೋಗಿದ್ದು, ಕ್ಷಣಕಾಲ ಕತ್ತಲೆ ಕವಿದದ್ದು: ಇವನ್ನು ಕೇಳಿಯೇ ತಿಳಿಯಬೇಕು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದ್ದರೆ ಪಾರ್ಶ್ವವಾಯು ಕೆಲವು ದಿನ ಬಿಟ್ಟೂ ಹೊಡೆಯಬಹುದು. ಅದಕ್ಕೇ ರಕ್ತನಾಳ ತೋರಿಸುವ ಸ್ಕ್ಯಾನ್, ಕುತ್ತಿಗೆಯ ಸಿಟಿ ಆಂಜಿಯೋಗ್ರಾಮ್ ಮಾಡಿಸುತ್ತಾರೆ. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲೆಗೆ ಯತ್ನಿಸುವ ಸಂಭವ ಹಲವು ಪಟ್ಟು ಹೆಚ್ಚು ಎಂಬುದು ಅಧ್ಯಯನಗಳು ಗಟ್ಟಿಮಾಡಿದ ಸಂಗತಿ. 'ಸುಮ್ನೆ ಕತ್ತು ಹಿಡ್ಕೊಂಡ್ರು' ಎಂಬ ಮಾತನ್ನು ಕಡತದಲ್ಲಿ ಬರೆಯದೆ ಬಿಡುವ ಸೇವೆಗೆ ನಮ್ಮಲ್ಲಿ ಅಂಕವೇ ಇಲ್ಲ.

ಮಾತ್ರೆ, ಚೀಟಿ, ಕಡತ

ನಿದ್ದೆ ಇಲ್ಲ ಎಂದವರಿಗೆ ನಿದ್ದೆ ಬರಿಸುವ ಕ್ಲೊನಾಜೆಪಾಮ್ ಮಾತ್ರೆ ಬರೆದು ಒಂದು ತಿಂಗಳ ಪಟ್ಟಿ ಕೊಡುವುದು ಹೊರರೋಗಿ ವಿಭಾಗದ ಅವಸರದಲ್ಲಿ ಸುಲಭ. ಆದರೆ ರಾತ್ರಿ ಕುಡಿದು ಬರುವವನ ಬಾಗಿಲ ಸದ್ದಿಗೆ ಏಳಬೇಕಾದವರಿಗೆ ಆ ಗಾಢನಿದ್ದೆಯೇ ಅಪಾಯ. ಮನೆಯಲ್ಲಿ ಮೂವತ್ತು ಮಾತ್ರೆ ಒಟ್ಟಿಗಿರುವುದು ಇನ್ನೊಂದು ಅಪಾಯ. ಕೊಡಲೇಬೇಕಾದರೆ ಒಂದು ವಾರದ್ದು ಸಾಕು. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಅದು ಖಿನ್ನತೆಗೆ ಔಷಧ, ಏಟಿಗಲ್ಲ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಏಟು ನಿಲ್ಲದಿದ್ದಾಗ "ನನ್ನ ತಲೆಯೇ ಸರಿಯಿಲ್ಲ" ಎಂದು ಆಕೆಯೇ ನಂಬಿಬಿಡುತ್ತಾರೆ.

ಚೀಟಿಯ ಮೇಲಿನ ಎರಡು ಪದ ಕೋರ್ಟಿನವರೆಗೂ ಹೋಗುತ್ತವೆ. ಹಿಂದೂ ವಿವಾಹ ಕಾಯ್ದೆಯ 13(1)(iii)ರಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಕಾರಣ. ಹೆಂಡತಿಯ ಹಳೇ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಗಂಡಂದಿರು ಇರುವುದು ಇದಕ್ಕೇ. ಕಾಯಿಲೆಯ ಹೆಸರೊಂದೇ ಸಾಲದು, ಅದರ ತೀವ್ರತೆ ಜೊತೆಗೆ ಬಾಳಲಾಗದಷ್ಟಿರಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಆದರೂ ಆ ಮಾತು ಕೋರ್ಟಿನಲ್ಲಿ ಆಕೆಯ ನೆರವಿಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. "ನನ್ನ ಹೆಂಡ್ತಿಗೆ ಸರಿಯಿಲ್ಲ ಅಂತ ಒಂದು ಲೆಟರ್ ಕೊಡಿ ಡಾಕ್ಟ್ರೇ" ಎಂದು ಒಬ್ಬರೇ ಬಂದು ಕೇಳುವವರಿಗೆ, ಆಕೆಯನ್ನು ನೋಡದೆ, ಆಕೆಯ ಒಪ್ಪಿಗೆ ಇಲ್ಲದೆ ಒಂದಕ್ಷರ ಬರೆಯಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ, ಗಂಡ ಬಿಲ್ ಕಟ್ಟಿದರೂ.

ಅದೇ ಕಾಯ್ದೆಯ 14ನೇ ಸೆಕ್ಷನ್ ಬಹಳ ಕ್ಲಿನಿಕ್‌ಗಳು ಮರೆಯುವ ಆಯುಧ. ತಮ್ಮ ಪರವಾಗಿ ನಿಲ್ಲುವ 'ನಾಮನಿರ್ದೇಶಿತ ಪ್ರತಿನಿಧಿ' ಯಾರು ಎಂದು ರೋಗಿಯೇ ಬಿಳಿ ಹಾಳೆಯಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಸಾಕು. ಬರೆಯದಿದ್ದರೆ ಆ ಜಾಗ ಸಂಬಂಧಿಕರಿಗೆ, ಎಂದರೆ ಸಾಮಾನ್ಯವಾಗಿ ಗಂಡನಿಗೆ ಹೋಗುತ್ತದೆ. 89ನೇ ಸೆಕ್ಷನ್ ಪ್ರಕಾರ ಒಬ್ಬರನ್ನು ಆಸ್ಪತ್ರೆಗೆ ಸೇರಿಸಿ ಎಂದು, ಗರಿಷ್ಠ 30 ದಿನಕ್ಕೆ, ಅರ್ಜಿ ಹಾಕುವ ಅಧಿಕಾರ ಆ ಪ್ರತಿನಿಧಿಯದ್ದು. ತಜ್ಞರಿಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅದು ನಿಜ. ಆದರೂ ಹೊಡೆಯುವವನ ಕೈಗೆ ಆ ಕಾಗದ ಯಾಕೆ ಸಿಗಬೇಕು? ಮೊದಲ ಭೇಟಿಯಲ್ಲೇ ಎರಡು ನಿಮಿಷ ತೆಗೆದು ಅಕ್ಕನದೋ ಗೆಳತಿಯದೋ ಹೆಸರು ಬರೆಸುವ ಸೇವೆ ಸಿಕ್ಕರೆ ಬಿಡಬೇಡಿ.

ಕಡತದಲ್ಲಿ ಆಕೆಯ ಮಾತು ಆಕೆಯ ಮಾತಾಗಿಯೇ ಇರಬೇಕು. 'ಕೌಟುಂಬಿಕ ಕಲಹ', 'ಹೊಂದಾಣಿಕೆ ಸಮಸ್ಯೆ' ಎಂದು ಬರೆದರೆ ಹೊಡೆದವರು ಯಾರು ಎಂಬುದೇ ಮಾಯ. 'ಭಾನುವಾರ ರಾತ್ರಿ ಹತ್ತರ ಸುಮಾರಿಗೆ ಗಂಡ ಬೆಲ್ಟಿನಿಂದ ಎಡತೋಳಿಗೆ ಹೊಡೆದರು ಎನ್ನುತ್ತಾರೆ. ಎಡತೋಳಿನ ಹೊರಭಾಗದಲ್ಲಿ 6 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕಂದು ಗುರುತು.' ಇಷ್ಟಿದ್ದರೆ ಸಾಕು. ಬಣ್ಣ ನೋಡಿ 'ಮೂರು ದಿನ ಹಳೆಯದು' ಎಂದು ಊಹಿಸುವುದು ಬೇಡ, ಅದು ನಂಬುವ ಲೆಕ್ಕವಲ್ಲ, ಪಾಟೀಸವಾಲಿನಲ್ಲಿ ಮುರಿದುಬೀಳುತ್ತದೆ. ಡಿಸ್‌ಚಾರ್ಜ್ ಸಾರಾಂಶ ಮನೆಗೆ ಹೋಗುವ ಕಾಗದ. ಅದರಲ್ಲಿ ಇದ್ಯಾವುದೂ ಇರಬಾರದು, ಒಳಕಡತದಲ್ಲಿ ಮಾತ್ರ.

ದಂಪತಿ ಸೆಷನ್

ಜಾಹೀರಾತಿನಲ್ಲಿ ಎಲ್ಲರೂ ಮೊದಲು ಬರೆಯುವುದು 'ದಂಪತಿ ಚಿಕಿತ್ಸೆ'. ಹೆದರಿಕೆ ಇರುವ ಮದುವೆಯಲ್ಲಿ ಅದು ಕೆಲಸಕ್ಕೆ ಬಾರದು, ಕೆಲವೊಮ್ಮೆ ಕೊಲ್ಲುತ್ತದೆ. ನಾಲ್ಕು ಗಂಟೆಗೆ ಸೋಫಾದ ಮೇಲೆ ಹೇಳಿದ ನಿಜಕ್ಕೆ ಎಂಟು ಗಂಟೆಗೆ ಮನೆಯಲ್ಲಿ ಶಿಕ್ಷೆ. ಜವಾಬ್ದಾರಿಯನ್ನು ಇಬ್ಬರಿಗೂ ಅರ್ಧರ್ಧ ಹಂಚುವ ಆ ಪದ್ಧತಿ, ಹೊಡೆದದ್ದರಲ್ಲಿ ಆಕೆಗೂ ಪಾಲು ಕೊಟ್ಟುಬಿಡುತ್ತದೆ. ನಿರಾಕರಿಸುವ ಬಗೆಯೂ ಇದೆ: "ಮೊದಲ ಮೂರು ಭೇಟಿ ಬೇರೆಬೇರೆ, ಇದು ನಮ್ಮಲ್ಲಿ ಎಲ್ಲರಿಗೂ ಪದ್ಧತಿ." ಆಕೆ ಹೇಳಿದ್ದಾರೆ ಎಂಬ ವಾಸನೆಯೂ ಬರಬಾರದು. ಗಂಡನ ಕೋಪಕ್ಕೆ 'ಆ್ಯಂಗರ್ ಮ್ಯಾನೇಜ್‌ಮೆಂಟ್' ಕೊಡುವವರಿಗೆ ಒಂದೇ ಪ್ರಶ್ನೆ: ಆಫೀಸಿನಲ್ಲಿ ಮ್ಯಾನೇಜರ್ ಬೈದಾಗ ಆತ ಕೈ ಎತ್ತಿದ್ದಾನೆಯೇ? ಕುಡಿತ ಬಿಡಿಸುವುದು ಒಳ್ಳೆಯದೇ, ಏಟು ಕಡಿಮೆಯಾಗಬಹುದು, ಆದರೆ ಎಟಿಎಂ ಕಾರ್ಡ್ ವಾಪಸ್ ಬರುತ್ತದೆ ಎಂಬ ಖಾತ್ರಿ ಇಲ್ಲ.

ನಾಲ್ಕು ಬಾಗಿಲು

ಖಾಸಗಿ ಕೊಠಡಿಗಳ ಬಲ ಸಮಯ: ಐವತ್ತು ನಿಮಿಷ ಒಬ್ಬರಿಗೇ. ದರ ಸಾಮಾನ್ಯವಾಗಿ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ. ಕಾಸಿಗೂ ಲೆಕ್ಕ ಕೊಡಬೇಕಾದ ಹೆಂಗಸಿಗೆ ಇದು ಆಗದ ಮಾತು. ಬೋರ್ಡಿನ ಮೇಲೆ 'ಕೌನ್ಸೆಲರ್' ಎಂದು ಯಾರು ಬೇಕಾದರೂ ಬರೆಸಿಕೊಂಡಿರುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ, ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ಸಂಖ್ಯೆ ಕೇಳಿ.

ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಖರ್ಚು ಕಡಿಮೆ, ವೈದ್ಯರು, ಮನೋಸಾಮಾಜಿಕ ಕಾರ್ಯಕರ್ತರು ಒಂದೇ ಸೂರಿನಡಿ. ನೂಕುನುಗ್ಗಲೇ ಶತ್ರು. ನಿಮ್ಹಾನ್ಸ್‌ನಂಥ ಕಡೆ ಮನೋಸಾಮಾಜಿಕ ಕಾರ್ಯಕರ್ತರನ್ನು ನೋಡಬೇಕು ಎಂದು ಮೊದಲೇ ಕೇಳುವುದು ಜಾಣತನ, ಈ ಕೆಲಸದ ತರಬೇತಿ ಅವರದ್ದೇ. ಹೊಸೂರು ರಸ್ತೆಯ ಆ ಗೇಟಿನೊಳಗೆ ಕಾಣಿಸಿಕೊಳ್ಳಲು ಹಿಂಜರಿಯುವವರಿಗೆ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಸ್ವಾಸ್ಥ್ಯ ಕೇಂದ್ರವಿದೆ. ಆಸ್ಪತ್ರೆಯೊಳಗೇ ಇಂಥ ನೆರವಿನ ಕೇಂದ್ರ ನಡೆಸಬಹುದು ಎಂಬುದಕ್ಕೆ 2000ದಲ್ಲಿ ಮುಂಬೈನ ಬಾಂದ್ರಾದ ಪಾಲಿಕೆ ಆಸ್ಪತ್ರೆಯಲ್ಲಿ ಶುರುವಾದ ದಿಲಾಸಾ ಮಾದರಿ ಕಣ್ಣೆದುರಿಗಿದೆ.

2022ರ ಅಕ್ಟೋಬರ್ 10ರಂದು ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ. ರಾತ್ರಿ ಎರಡಕ್ಕೆ ಸಾಯಬೇಕೆನಿಸಿದವರಿಗೆ ಇದಕ್ಕಿಂತ ಹತ್ತಿರದ್ದು ಇಲ್ಲ. ಫೋನಿನ ದೌರ್ಬಲ್ಯ ಎಲ್ಲ ಸಹಾಯವಾಣಿಗೂ ಒಂದೇ: ಪಕ್ಕದಲ್ಲಿ ಯಾರಿದ್ದಾರೆ ಎಂದು ಕಾಣುವುದಿಲ್ಲ. "ಯಾರಾದ್ರೂ ಹತ್ರ ಇದ್ರೆ ಹೌದು, ಇಲ್ಲ ಅಂತಷ್ಟೇ ಹೇಳಿ" ಎಂದು ಶುರು ಮಾಡುವವರು ಕೆಲಸ ಬಲ್ಲವರು. ಮುಗಿದ ಮೇಲೆ ಕರೆಪಟ್ಟಿಯಿಂದ ನಂಬರ್ ಅಳಿಸಿ, ತವರಿಗೋ ಅಂಗಡಿಗೋ ಇನ್ನೊಂದು ಕರೆ ಮಾಡಿಡಬೇಕು. ಏಟು ನಡೆಯುತ್ತಿರುವಾಗ ತುರ್ತು ಕರೆ 112. ಆಶ್ರಯ, ಮುಂದಿನ ದಾರಿ ಎಂದರೆ ಮಹಿಳಾ ಸಹಾಯವಾಣಿ 181.

ಸರ್ಕಾರದ ಸಖಿ ಒನ್ ಸ್ಟಾಪ್ ಕೇಂದ್ರದಲ್ಲಿ ವೈದ್ಯಕೀಯ ನೆರವು, ಕಾನೂನು, ಆಪ್ತಸಮಾಲೋಚನೆ, ಐದು ದಿನದವರೆಗೆ ತಂಗುವ ಜಾಗ ಸಿಗುತ್ತದೆ. ಐದು ದಿನ ಎಂಬುದು ಲೆಕ್ಕದಲ್ಲಿಟ್ಟುಕೊಳ್ಳಬೇಕಾದ ಅಂಕಿ, ಆರನೇ ದಿನ ಎಲ್ಲಿಗೆ ಎಂಬುದು ಮೊದಲ ದಿನದ ಪ್ರಶ್ನೆ. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ. ಪೊಲೀಸ್ ಸಮಾಲೋಚನೆಯ ಸ್ವಭಾವವೇ ಎರಡೂ ಕಡೆ ಕರೆಸುವುದು. ಗಂಡನಿಗೆ ಒಂದು ಎಚ್ಚರಿಕೆ ಬೇಕಿದ್ದರೆ ಅದು ಉಪಯೋಗ, ಮನಸ್ಸಿನ ಗಾಯಕ್ಕೆ ಅಲ್ಲಿ ಮದ್ದು ಹುಡುಕಬಾರದು. ಇಲ್ಲಿ ಒಂದು ಮಾತು ಗೊತ್ತಿರಲಿ: 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಆದೇಶಿಸಿದ ಸಮಾಲೋಚನೆಯಲ್ಲಿ, 2006ರ ನಿಯಮ 14ರಂತೆ, ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಎದುರು ಪಕ್ಷಕ್ಕೆ ಅವಕಾಶವೇ ಇಲ್ಲ. ಆಕೆ ಬಯಸಿದರೆ ಮಾತ್ರ ರಾಜಿ.

ಕೌನ್ಸೆಲರ್‌ಗೆ ಗೊತ್ತಿರಬೇಕಾದ ಕಾನೂನು ಇಷ್ಟೇ ಇಷ್ಟು. ದೂರು ಕೊಡುವುದು ವಯಸ್ಕ ಹೆಂಗಸಿನ ನಿರ್ಧಾರ, ಆಕೆ ಬೇಡವೆಂದರೆ ಪೊಲೀಸರಿಗೆ ಓಡಬಾರದು. ಆದರೆ 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ, ಆಕೆ 'ಹೆಂಡತಿ'ಯೇ ಆಗಿದ್ದರೂ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಇದನ್ನು ಮಾತು ಶುರುವಾಗುವ ಮೊದಲೇ ಹೇಳುವುದು ನ್ಯಾಯ. 2005ರ ಕಾಯ್ದೆಯಡಿ ಆಕೆಯ ನೆರವಿಗಿರುವ ಸಂರಕ್ಷಣಾಧಿಕಾರಿ ಎಂದರೆ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಅಂಗನವಾಡಿ ಟೀಚರ್‌ಗೆ ಅವರ ಕಚೇರಿ ಗೊತ್ತಿರುತ್ತದೆ. ಅವರು ತುಂಬುವ ನಮೂನೆ 1, ಕೌಟುಂಬಿಕ ಘಟನಾ ವರದಿ, ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. ಆ ವರದಿ ಇಲ್ಲವೆಂದು ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವೈದ್ಯಕೀಯ ವರದಿಯ ಪ್ರತಿ ಆಕೆಗೆ ಉಚಿತ. "ಮನೆ ಅತ್ತೆ ಹೆಸರಲ್ಲಿದೆ, ನನಗೇನು ಹಕ್ಕು" ಎನ್ನುವವರಿಗೆ, ಆಕೆ ಸಂಸಾರ ಮಾಡಿದ ಮನೆ ಗಂಡನ ನೆಂಟರ ಹೆಸರಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದ್ದನ್ನು ತಿಳಿಸಬೇಕು. ವಕೀಲರ ಖರ್ಚಿನ ಭಯಕ್ಕೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ: ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು, ಫೋನ್ 15100. ಈ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಕೈಗಿಡುವುದಕ್ಕಿಂತ ಆಕೆಯ ಎದುರಿಗೇ ಕ್ಲಿನಿಕ್ ಫೋನಿನಿಂದ ಕರೆ ಮಾಡಿ ಮಾತಾಡಿಸುವುದು ಮೇಲು.

ಮನೆ ಬಿಡುವ ಹೊತ್ತೇ ಅತಿ ಅಪಾಯದ ಹೊತ್ತು. ಅದಕ್ಕೆ ಮೊದಲೇ ತಯಾರಿ ಮಾಡಿಸದ ಸೇವೆ ಅರ್ಧ ಸೇವೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಲಗ್ನಪತ್ರಿಕೆ, ಮದುವೆಯ ಎರಡು ಫೋಟೊ, ಒಡವೆಯ ಪಟ್ಟಿ, ವಾರದ ಔಷಧ, ಬೀಗದ ಇನ್ನೊಂದು ಕೈ: ಒಂದು ಕೈಚೀಲದಲ್ಲಿ, ಪಕ್ಕದ ಮನೆಯ ಅಕ್ಕನ ಬಳಿ. 'ಎಲ್ಲ ಡಿಜಿಲಾಕರ್‌ನಲ್ಲಿದೆ' ಎಂದು ನಿಶ್ಚಿಂತೆಯಾಗಿರುವಂತಿಲ್ಲ, ಆಧಾರ್‌ಗೆ ಜೋಡಿಸಿದ ನಂಬರ್ ಗಂಡನದ್ದಾದರೆ ಒಟಿಪಿ ಅವನಿಗೇ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಿಸುವುದು ಮೊದಲ ಕೆಲಸ. ಜಗಳ ಏರಿದಾಗ ಅಡುಗೆಮನೆಗೆ ಹೋಗಬಾರದು, ಅಲ್ಲಿ ಚಾಕುವಿದೆ, ಗ್ಯಾಸ್ ಇದೆ. ಬಚ್ಚಲಿಗೂ ಬೇಡ, ಅದಕ್ಕೆ ಇನ್ನೊಂದು ಬಾಗಿಲಿಲ್ಲ. ಹೊರಬಾಗಿಲಿರುವ ಕೋಣೆಯೇ ಸರಿ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮೊದಲು ಯಾವ ಕ್ಲಿನಿಕ್‌ಗಾದರೂ ಫೋನ್ ಮಾಡಿ ಮೂರು ಪ್ರಶ್ನೆ ಕೇಳಬಹುದು. ಹೆಸರು ಹೇಳಬೇಕಿಲ್ಲ. ಮೊದಲ ಭೇಟಿಯಲ್ಲಿ ಒಬ್ಬರನ್ನೇ ನೋಡುತ್ತೀರಾ? ಎಸ್‌ಎಂಎಸ್ ಕಳಿಸದೆ ಇರಬಹುದಾ? ನಗದು ಕೊಟ್ಟರೆ ನಡೆಯುತ್ತಾ? ಮೂರಕ್ಕೂ ಹೌದು ಎಂದರೆ ದಿನ ಗೊತ್ತುಮಾಡಿಕೊಳ್ಳಿ. "ಯಜಮಾನ್ರ ನಂಬರ್ ಕೊಡಿ ಮೇಡಂ, ಅವ್ರ ಹತ್ರಾನೇ ಮಾತಾಡ್ತೀವಿ" ಎಂದರೆ ಅಲ್ಲೇ ಫೋನ್ ಇಟ್ಟುಬಿಡಿ.